ಮೂಸೆ ಮತ್ತು ಮುಚ್ಚಳಿಕೆ

ನಾನು ಓದುವಾಗ ನಮ್ಮ ಕಾಲೇಜಿನಲ್ಲಿ ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡವರು ಹದಿನಾಲ್ಕು ಮಂದಿ. ಇಂಗ್ಲಿಷ್ ಇಷ್ಟವೆಂದು ಬಂದವರು ಅವರಲ್ಲಿ ನಾಲ್ವರಿದ್ದರೆ ಹೆಚ್ಚು. ಉಳಿದವರಿಗೆ ಅರ್ಥಶಾಸ್ತ್ರದಲ್ಲಿ ಸೀಟು ಸಿಕ್ಕಿರಲಿಲ್ಲ. ನಾನು ಈ ಉಳಿದವರ ಗುಂಪಿನವನು. ಅಂತಿಮ ವರ್ಷದಲ್ಲಿ ಆರ್ಥರ್ ಮಿಲ್ಲರ್‌ನ ‘ದಿ ಕ್ರೂಸಿಬಲ್’ ನಾಟಕ ಪಠ್ಯವಾಗಿತ್ತು. ಗ್ರಂಥಾಲಯದಲ್ಲಿ ಇದ್ದುದು ಒಂದೇ ಪ್ರತಿ. ಅದನ್ನು ಝೆರಾಕ್ಸ್ ಮಾಡಿಸಿ, ಆ ಝೆರಾಕ್ಸಿನ ಝೆರಾಕ್ಸ್ ಮಾಡಿಸಿ, ಕೊನೆಯ ಬೆಂಚಿಗೆ ತಲುಪುವ ಹೊತ್ತಿಗೆ ಅಕ್ಷರಗಳು ಇರುವೆಸಾಲಿನಂತಾಗಿದ್ದವು.

ಮೊದಲ ದಿನ ಮೇಷ್ಟ್ರು ಶೀರ್ಷಿಕೆಯ ಅರ್ಥ ಕೇಳಿದರು. ನಿಘಂಟು ನೋಡಿಕೊಂಡು ಬಂದಿದ್ದ ಹುಡುಗಿಯೊಬ್ಬಳು ‘ಅಗ್ನಿಪರೀಕ್ಷೆ’ ಎಂದಳು. ಮೇಷ್ಟ್ರಿಗೆ ಅದು ಸಾಲಲಿಲ್ಲ. ಆಗ ನನ್ನ ಪಕ್ಕದಲ್ಲಿ ಕುಳಿತಿದ್ದ ಗೆಳೆಯ ಎದ್ದು ನಿಂತು, “ಮೂಸೆ, ಸಾರ್” ಎಂದ. ಅವರ ಮನೆಯವರು ಅಕ್ಕಸಾಲಿಗರು. ಅಂಗೈಯಲ್ಲಿ ಕೂರುವಷ್ಟು ಚಿಕ್ಕ ಪಾತ್ರೆ, ಅದರಲ್ಲಿ ಹಳೆಯ ಚಿನ್ನದ ಜೊತೆ ಬಿಳಿಗಾರ ಹಾಕಿ ಕಾಯಿಸಿದರೆ ಕಸರು ಬೇರೆಯಾಗುತ್ತದೆ ಎಂದು ವಿವರಿಸಿದ. ಮೇಷ್ಟ್ರು ಕುರ್ಚಿ ಎಳೆದುಕೊಂಡು ಕುಳಿತು ಕೇಳಿಸಿಕೊಂಡರು. “ಅಷ್ಟು ಸಲ ಬೆಂಕಿಗಿಟ್ಟರೂ ಮೂಸೆ ಒಡೆಯುವುದಿಲ್ಲವೇ?” ಎಂದು ಕೇಳಿದರು. “ಒಡೆಯುತ್ತದೆ ಸಾರ್. ಹೊಸದು ತರುತ್ತೇವೆ” ಎಂದ. ತರಗತಿ ನಕ್ಕಿತು. ಮೇಷ್ಟ್ರು ನಗಲಿಲ್ಲ.

ಅವರು ನಾಟಕಕ್ಕಿಂತ ಮೊದಲು ಇತಿಹಾಸ ಹೇಳಿದರು. ಅಮೆರಿಕದ ಮ್ಯಾಸಚೂಸೆಟ್ಸಿನ ಸೇಲಂನಲ್ಲಿ 1692ರಲ್ಲಿ ಮಾಟದ ಆರೋಪ ಹೊತ್ತು ನೇಣಿಗೇರಿದವರು 19 ಮಂದಿ, ಅವರಲ್ಲಿ 14 ಹೆಂಗಸರು. ಅಲ್ಲಿನ ವಿಚಾರಣೆಯ ವಿಚಿತ್ರವೆಂದರೆ, ‘ಹೌದು, ಸೈತಾನನೊಂದಿಗೆ ನಂಟಿತ್ತು’ ಎಂದು ಒಪ್ಪಿಕೊಂಡವರು ಬದುಕಿಕೊಳ್ಳುತ್ತಿದ್ದರು, ‘ಇಲ್ಲ’ ಎಂದು ಹಟ ಹಿಡಿದವರು ಸಾಯುತ್ತಿದ್ದರು. ಒಪ್ಪಿಕೊಂಡವರನ್ನೂ ಸುಮ್ಮನೆ ಬಿಡುತ್ತಿರಲಿಲ್ಲ. ಜೊತೆಗೆ ಇನ್ಯಾರಿದ್ದರು ಎಂದು ಕೇಳುತ್ತಿದ್ದರು. ನಾಟಕದಲ್ಲಿ ಊರವರ ಮೇಲೆ ಮಾಟದ ಆರೋಪ ಹೊರಿಸುವವಳು ಅಬಿಗೇಲ್, ಆ ಆರೋಪಕ್ಕೆ ಸಿಕ್ಕುವ ರೈತ ಜಾನ್ ಪ್ರಾಕ್ಟರ್. ನಿಜವಾದ ಅಬಿಗೇಲ್ ಹನ್ನೊಂದು ಹನ್ನೆರಡರ ಹುಡುಗಿ, ನಿಜವಾದ ಪ್ರಾಕ್ಟರ್ ಅರವತ್ತರ ಆಸುಪಾಸಿನವನು. ನಾಟಕಕಾರ ಅವಳ ವಯಸ್ಸು ಏರಿಸಿ, ಇವನದನ್ನು ಇಳಿಸಿ, ನಡುವೆ ಒಂದು ಪ್ರಣಯ ಇಟ್ಟ. “ಇದು ಇತಿಹಾಸವಲ್ಲ, ಪರೀಕ್ಷೆಯಲ್ಲಿ ಇತಿಹಾಸವೆಂದು ಬರೆದರೆ ಅಂಕ ಕತ್ತರಿಸುತ್ತೇನೆ” ಎಂದರು ಮೇಷ್ಟ್ರು.

ಒಂದು ದಿನ ಕರಿಹಲಗೆಯ ಮೇಲೆ 1953, 1956 ಎಂದು ಬರೆದರು. ನಾಟಕ ನ್ಯೂಯಾರ್ಕಿನಲ್ಲಿ ಮೊದಲು ರಂಗಕ್ಕೆ ಬಂದದ್ದು 1953ರ ಜನವರಿಯಲ್ಲಿ. ಅಲ್ಲಿ ಕಮ್ಯುನಿಸ್ಟರ ಬೇಟೆ ನಡೆಯುತ್ತಿದ್ದ ಕಾಲ ಅದು. ಮಿಲ್ಲರ್‌ನನ್ನೇ ಸಂಸತ್ತಿನ ಸಮಿತಿಯ ಮುಂದೆ ಕೂರಿಸಿದ್ದು 1956ರಲ್ಲಿ. ತನ್ನ ಬಗ್ಗೆ ಏನು ಬೇಕಾದರೂ ಕೇಳಿ, ಬೇರೆಯವರ ಹೆಸರು ಹೇಳಲಾರೆ ಎಂದ. ಮರುವರ್ಷ ನ್ಯಾಯಾಲಯ ಅವನನ್ನು ತಪ್ಪಿತಸ್ಥನೆಂದಿತು. 1958ರಲ್ಲಿ ಮೇಲ್ಮನವಿಯಲ್ಲಿ ಆ ತೀರ್ಪು ಬಿದ್ದುಹೋಯಿತು. “ಬರೆದದ್ದು ಮೊದಲು, ಕೂತು ಉತ್ತರಿಸಿದ್ದು ಆಮೇಲೆ. ಕ್ರಮ ತಪ್ಪಿಸಬೇಡಿ” ಎಂದು ಎರಡೂ ಇಸವಿಗಳ ಕೆಳಗೆ ಗೆರೆ ಎಳೆದರು.

ಪ್ರಾಕ್ಟರ್‌ನನ್ನು ಅವರು ಎಂದೂ ನಾಯಕನೆಂದು ಹೊಗಳಲಿಲ್ಲ. ಅಬಿಗೇಲ್ ಸುಳ್ಳು ಹೇಳುತ್ತಿದ್ದಾಳೆಂದು ಗೊತ್ತಿದ್ದೂ, ಹೆಂಡತಿ ಒತ್ತಾಯಿಸಿದರೂ, ಊರಿಗೆ ಹೋಗಿ ಹೇಳಲು ಹಿಂದೆಮುಂದೆ ನೋಡಿದವನು ಅವನು. ತನ್ನ ಗುಟ್ಟು ಹೊರಬೀಳುವ ಭಯ. ಅವರಿಗೆ ಇಷ್ಟವಾಗಿದ್ದುದು ಮುದುಕ ಜೈಲ್ಸ್ ಕೋರಿ. ಹೆಂಡತಿ ಕದ್ದುಮುಚ್ಚಿ ಪುಸ್ತಕ ಓದುತ್ತಾಳೆ ಎಂದು ಅವನು ಪಾದ್ರಿಯೊಬ್ಬನ ಬಳಿ ಸುಮ್ಮನೆ, ಕುತೂಹಲಕ್ಕೆ ಹೇಳಿಬಿಟ್ಟಿರುತ್ತಾನೆ. ಆ ಹೆಂಡತಿಯೇ ಮುಂದೆ ಸೆರೆಮನೆ ಸೇರುತ್ತಾಳೆ. ಮೂರನೆಯ ಅಂಕದಲ್ಲಿ ನ್ಯಾಯಾಧೀಶ ಡ್ಯಾನ್‌ಫರ್ತ್, ನಿನಗೆ ಸುದ್ದಿ ಕೊಟ್ಟವನು ಯಾರು ಎಂದು ಕೇಳಿದಾಗ ಮುದುಕ ಹೆಸರು ಹೇಳುವುದಿಲ್ಲ. ಒಮ್ಮೆ ಹೆಂಡತಿಯ ಹೆಸರು ಎತ್ತಿದ ಪಾಪಕ್ಕೇ ನರಕದಲ್ಲಿ ಬೇಕಾದಷ್ಟು ಬೇಯಬೇಕಿದೆ ಅನ್ನುತ್ತಾನೆ. “ಅವನು ಮೊದಲು ಹೇಳಿದ್ದರಲ್ಲಿ ಸುಳ್ಳೇನಾದರೂ ಇತ್ತೇ?” ಎಂದು ಮೇಷ್ಟ್ರು ಕೇಳಿದ್ದರು. ಯಾರೂ ಉತ್ತರ ಕೊಡಲಿಲ್ಲ. ಪಾತ್ರ ಹಂಚುವಾಗ ನನ್ನ ಗಂಟಲು ದೊಡ್ಡದೆಂದು ನನಗೆ ಡ್ಯಾನ್‌ಫರ್ತ್ ಕೊಟ್ಟರು, ಗೆಳೆಯನಿಗೆ ಜೈಲ್ಸ್ ಕೋರಿ.

ಆ ಜನವರಿಯಲ್ಲಿ ಹಾಸ್ಟೆಲಿನ ಊಟದ ಮನೆಯ ಗೋಡೆಯ ಮೇಲೆ ಯಾರೋ ಇದ್ದಿಲಿನಲ್ಲಿ ಎರಡು ಸಾಲಿನ ಪದ್ಯ ಬರೆದರು. ಸಾರಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಎಂಬರ್ಥದ್ದು. ಪ್ರಾಸ ಚೆನ್ನಾಗಿತ್ತು, ಅದನ್ನು ಇಲ್ಲಿ ಹೇಳಲೇಬೇಕು. ವಾರ್ಡನ್ ನಮ್ಮನ್ನು ಒಬ್ಬೊಬ್ಬರನ್ನಾಗಿ ಕರೆದರು. ತನಗೆ ಗೊತ್ತಿದ್ದುದನ್ನು ಮುಚ್ಚಳಿಕೆಯಲ್ಲಿ ಬರೆದು ಸಹಿ ಹಾಕದವನಿಗೆ ಹಾಲ್ ಟಿಕೆಟ್ ಇಲ್ಲ ಎಂದರು. ಬರೆದವರು ಯಾರೆಂದು ನನಗೆ ಗೊತ್ತಿರಲಿಲ್ಲ. ಹಾಗೆಂದೇ ಬರೆದೆ. ಅವರು ಕಾಗದ ನೋಡಿ, ಇಷ್ಟೇ ಆದರೆ ಸಾಲದು ಎಂದು ನನ್ನತ್ತ ತಳ್ಳಿದರು. ಆಗ ಇನ್ನೊಂದು ಸಾಲು ಸೇರಿಸಿದೆ: ನನ್ನ ಕೊಠಡಿಯಲ್ಲಿ ಇದ್ದಿಲು ಇರುವುದು ಇಂಥವನ ಹತ್ತಿರ. ಅವನು ಊರಿನಿಂದ ತಂದ ಇದ್ದಿಲನ್ನು ಕುಟ್ಟಿ ಹಲ್ಲುಜ್ಜುತ್ತಿದ್ದ; ಅದು ಇಡೀ ಹಾಸ್ಟೆಲಿಗೆ ಗೊತ್ತಿದ್ದ ಸಂಗತಿ. ಬರೆದ ಸಾಲಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಕೆಳಗೆ ಸಹಿ ಹಾಕಿದೆ, ಇನಿಷಿಯಲ್ ಸಮೇತ.

ಅವನ ಸೀಟು ಹೋಯಿತು. ಪರೀಕ್ಷೆಯವರೆಗೆ ಊರಿನಿಂದಲೇ ಬಸ್ಸಿನಲ್ಲಿ ಬಂದುಹೋದ. ಮೂರನೆಯ ಅಂಕ ಓದಿದ್ದು ಆ ದಿನಗಳಲ್ಲಿ. ಬಸ್ಸು ತಡವಾಗಿ, ಬೆವರೊರೆಸಿಕೊಳ್ಳುತ್ತ ಬಂದು ಕುಳಿತ. ನಾನು ಡ್ಯಾನ್‌ಫರ್ತ್ ಆಗಿ ಆ ಮನುಷ್ಯನ ಹೆಸರೇನು ಎಂದು ಕೇಳಿದೆ. ಅವನು ತನ್ನ ಸಾಲುಗಳನ್ನು ಬಸ್ಸಿನ ವೇಳಾಪಟ್ಟಿ ಓದುವಂತೆ ಓದಿದ. ಮೇಷ್ಟ್ರು, “ಇನ್ನೊಮ್ಮೆ” ಎಂದರು. ನಾನು ಮತ್ತೆ ಹೆಸರು ಕೇಳಬೇಕಾಯಿತು. ಎರಡನೆಯ ಸಲವೂ ಅವನು ಹಾಗೆಯೇ ಓದಿದ, ತಲೆ ಎತ್ತದೆ. ನಾಲ್ಕನೆಯ ಅಂಕದಲ್ಲಿ ಪ್ರಾಕ್ಟರ್ ತಾನು ಸಹಿ ಹಾಕಿದ ತಪ್ಪೊಪ್ಪಿಗೆಯ ಕಾಗದ ಹರಿದುಹಾಕುವಾಗ ಹುಡುಗಿಯರಲ್ಲಿ ಇಬ್ಬರು ಕಣ್ಣೊರೆಸಿಕೊಂಡರು. ನನಗೆ ಆ ದೃಶ್ಯ ಸರಿಯಾಗಿ ನೆನಪಿಲ್ಲ.

ಬ್ಯಾಂಕಿಗೆ ಸೇರಿ ಇಪ್ಪತ್ತೇಳು ವರ್ಷಗಳಾದವು. ಚೆಕ್ಕಿನ ಸಹಿಯನ್ನು ನಮೂನೆಯ ಸಹಿಯೊಂದಿಗೆ ಹೊಂದಿಸಿ ನೋಡುವುದು ಬಹುಕಾಲ ನನ್ನ ದಿನಗೆಲಸವಾಗಿತ್ತು. ಕಳೆದ ವರ್ಷ ತಾಯಿಯ ಹಳೆಯ ಉಂಗುರ ಕರಗಿಸಿ ಮಗಳಿಗೆ ಓಲೆ ಮಾಡಿಸಲೆಂದು ಗೆಳೆಯನ ಅಂಗಡಿಗೆ ಹೋದೆ. ಅವನು ಮೂಸೆಗೆ ಉಂಗುರ ಹಾಕುವಾಗ, ಮೂವತ್ತು ವರ್ಷ ತಡವಾಗಿ, ಆ ಸಾಲಿನ ವಿಷಯ ಹೇಳಿದೆ.

“ಗೊತ್ತು. ವಾರ್ಡನ್ ಅವತ್ತೇ ತೋರಿಸಿದ್ದರು. ಹೆಸರಿನ ಮೇಲೆ ಕೈ ಇಟ್ಟುಕೊಂಡು ತೋರಿಸಿದರು, ಪಾಪ. ಮೂರು ವರ್ಷ ನಿನ್ನ ನೋಟ್ಸ್ ನಕಲು ಮಾಡಿದವನಿಗೆ ಅಕ್ಷರ ಗುರುತು ಸಿಗುವುದಿಲ್ಲವೇ?” ಎಂದ.

ಹಾಗಾದರೆ ಪದ್ಯ ಬರೆದದ್ದು ನೀನೇ ಏನೋ ಎಂದು ಕೇಳಿದೆ. ಉತ್ತರ ಕೊಡಲಿಲ್ಲ. ಚಿನ್ನ ತೂಗಿದ, ರಸೀದಿ ಪುಸ್ತಕ ತೆರೆದ, ಕೇಳದೆಯೇ ನನ್ನ ಹೆಸರು ಬರೆದ, ಇನಿಷಿಯಲ್ ಸಮೇತ. “ಗುರುವಾರ ಬಾ” ಎಂದ.