ತೆಗೆದ ಚೂರನ್ನು ಬಿಸಾಡಬೇಡಿ

ರಕ್ತನಾಳದೊಳಗೆ ಟ್ಯೂಬ್ ಹಾಕಿ ಚಿಕಿತ್ಸೆ ಮಾಡುವ ಕ್ಯಾಥ್ ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ಆಗಿ 11 ವರ್ಷ ಆಯಿತು. ಒಂದು ರಾತ್ರಿಯ ಸ್ಟ್ರೋಕ್ (ಪಾರ್ಶ್ವವಾಯು) ಕೇಸ್ ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಬಂದವರಿಗೆ ಅರವತ್ತರ ಆಸುಪಾಸು, ಶ್ವಾಸಕೋಶದ ಕ್ಯಾನ್ಸರ್‌ಗೆ ಕೀಮೋ ನಡೆದಿತ್ತು. ಊಟ ಮಾಡಿ ಕೈ ತೊಳೆಯಲು ಎದ್ದವರು ಹಾಗೇ ಕುಸಿದರಂತೆ. ಬಲಗೈ ಬಲಗಾಲು ಆಡುತ್ತಿಲ್ಲ, ಮಾತು ಇಲ್ಲ. 4.5 ಗಂಟೆಯೊಳಗೇ ಕರೆತಂದಿದ್ದರಿಂದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರು, ಆದರೆ ಏನೂ ಬದಲಾಗಲಿಲ್ಲ. ಮೆದುಳಿನ ಎಡಭಾಗದ ದೊಡ್ಡ ರಕ್ತನಾಳ ಮುಚ್ಚಿಯೇ ಇತ್ತು.

ತೊಡೆಸಂದಿಯ ರಕ್ತನಾಳದಿಂದ ಸ್ಟೆಂಟ್ ರಿಟ್ರೀವರ್, ಅಂದರೆ ಹೆಪ್ಪನ್ನು ಹಿಡಿದೆಳೆಯುವ ಸಣ್ಣ ತಂತಿ ಬಲೆ, ಕಳಿಸಿ ಎಳೆದರು. ಮೊದಲ ಸಲ ಬರಲಿಲ್ಲ. ಎರಡನೇ ಸಲ ಒಂದು ಚೂರು ಬಂತು, ನಾನು ಗಾಜ್‌ನಲ್ಲಿ ಒರೆಸಿ ಆಸ್ಪತ್ರೆ ಕಸದ ಹಳದಿ ಚೀಲಕ್ಕೆ ಹಾಕಿಬಿಟ್ಟೆ. ಯಾವಾಗಲೂ ಹಾಗೇ ಮಾಡುತ್ತಿದ್ದೆ. ಮೂರನೇ ಸಲದ್ದನ್ನು ನೋಡಿ ಡಾಕ್ಟರ್ "ತಡಿಯಪ್ಪಾ, ಇದನ್ನ ಫಾರ್ಮಲಿನ್‌ಗೆ ಹಾಕು" ಅಂದರು. ಫಾರ್ಮಲಿನ್ ಅಂದರೆ ಚೂರು ಕೊಳೆಯದಂತೆ ಇಡುವ ದ್ರವ. ಆ ಚೂರು ಬೆಳ್ಳಗೆ, ರಬ್ಬರ್ ಥರ ಗಟ್ಟಿ ಇತ್ತು. ಬೆಳ್ಳಗಿದೆ ಅಂತ ಸುಮ್ನೆ ಕ್ಯಾನ್ಸರ್ ಗಡ್ಡೆಯ ಚೂರು ಅನ್ನಲಾಗದು, ಯಾಕೆಂದರೆ ಕ್ಯಾನ್ಸರ್ ಇದ್ದವರ ರಕ್ತವೇ ಬೇಗ ಹೆಪ್ಪುಗಟ್ಟುತ್ತದೆ, ಆ ಹೆಪ್ಪೂ ಬೆಳ್ಳಗೇ ಇರಬಹುದು. ಮೈಕ್ರೋಸ್ಕೋಪ್ ಕೆಳಗಿಟ್ಟರೇ ಗೊತ್ತಾಗುವುದು.

ರಿಪೋರ್ಟ್‌ನಲ್ಲಿ ಕ್ಯಾನ್ಸರ್ ಕೋಶಗಳು! ಸ್ಕ್ಯಾನ್ ಮಾಡಿದಾಗ ಗಡ್ಡೆ ಶ್ವಾಸಕೋಶದ ರಕ್ತನಾಳದೊಳಗೇ ಬೆಳೆದು ಹೃದಯದ ಎಡ ಮೇಲ್ಕೋಣೆ ಮುಟ್ಟಿತ್ತು. ಅಲ್ಲಿಂದ ಕಳಚಿದ್ದು ನೇರ ಮೆದುಳಿಗೆ ಹೋಗಬಹುದು, ದಾರಿಯಲ್ಲಿ ತಡೆ ಇಲ್ಲ. ಇಂಜೆಕ್ಷನ್ ಯಾಕೆ ನಾಟಲಿಲ್ಲ ಅಂತಲೂ ಆಗ ಅರ್ಥವಾಯಿತು. ಅದು ಹೆಪ್ಪಿನ ನಾರನ್ನು ಕರಗಿಸುತ್ತದೆ, ಗಡ್ಡೆಯ ಮಾಂಸವನ್ನಲ್ಲ. ಇಂಥವರಿಗೆ ರಕ್ತ ತೆಳುವಾಗಿಸುವ ಔಷಧಿಯೊಂದನ್ನೇ ನಂಬಿದರೆ ಸಾಲದು, ಮೂಲದ ಗಡ್ಡೆಗೇ ಸರ್ಜರಿಯೋ ರೇಡಿಯೇಶನ್ನೋ ಬೇರೆ ಔಷಧಿಯೋ ಅಂತ ಕ್ಯಾನ್ಸರ್ ಡಾಕ್ಟರ್ ಜೊತೆ ಕೂತು ತೀರ್ಮಾನಿಸಬೇಕು. ಕ್ಯಾನ್ಸರ್ ಅಲ್ಲದ ಗಡ್ಡೆಯೂ ಹೀಗೆ ಮಾಡುತ್ತದೆ. ಹೃದಯದ ಮಿಕ್ಸೋಮಾ ಎಂಬ ಗಡ್ಡೆ ಹೆಚ್ಚಾಗಿ ಇದೇ ಎಡ ಕೋಣೆಯಲ್ಲೇ ಇರುತ್ತದೆ, ಎಕೋದಲ್ಲಿ (ಹೃದಯದ ಸ್ಕ್ಯಾನ್) ಕಾಣುತ್ತದೆ, ಆಪರೇಷನ್ ಮಾಡಿ ತೆಗೆಯುತ್ತಾರೆ.

ಮೂರನೆಯದನ್ನೂ ನಾನು ಬಿಸಾಡಿದ್ದರೆ? ಆ ಯೋಚನೆ ಬಂದರೆ ಈಗಲೂ ಹೊಟ್ಟೆಯಲ್ಲಿ ಸಂಕಟ.

ಹೊಸದಾಗಿ ಸೇರಿದ ತಮ್ಮಂದಿರಿಗೆ, ತಂಗಿಯರಿಗೆ ಹೇಳುವುದಿಷ್ಟೇ. ಕೇಸ್ ಶುರುವಾಗುವ ಮೊದಲೇ ಫಾರ್ಮಲಿನ್ ಡಬ್ಬಿಗೆ ಹೆಸರು ಬರೆದು ಟೇಬಲ್ ಪಕ್ಕ ಇಡಿ. ಎಷ್ಟೇ ಸಣ್ಣ ಚೂರಾದರೂ ಹಾಕಿ. ಪೆಥಾಲಜಿ ಫಾರ್ಮ್‌ನಲ್ಲಿ ಬರೀ "ಹೆಪ್ಪು" ಅಂತ ಬರೆಯಬೇಡಿ, "ಶ್ವಾಸಕೋಶದ ಕ್ಯಾನ್ಸರ್ ಇದೆ, ಗಡ್ಡೆಯ ಕೋಶ ಇವೆಯಾ ನೋಡಿ" ಅಂತ ಬಿಡಿಸಿ ಬರೆಯಿರಿ.