ವಿಮಾನದ ಹೊಟ್ಟೆಯಲ್ಲಿ ನಾಯಿ

ಆ ಮಳೆಗಾಲ ಶಿರಾಡಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್. ಹಾಗಾಗಿ ಅತ್ತೆಯನ್ನು ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದಲ್ಲೇ ಕರೆದುಕೊಂಡು ಹೊರಟೆ. ಏರ್‌ಬಸ್ ಎ320. ನಡುವೆ ಒಂದೇ ಓಣಿ, ಅತ್ತ ಮೂರು ಇತ್ತ ಮೂರು ಸೀಟು. "ನಮ್ಮ ಎಕ್ಸ್‌ಪ್ರೆಸ್ ಬಸ್ಸಿನ ಹಾಗೇ ಉಂಟಲ್ಲ" ಅಂದರು ಅತ್ತೆ.

ಎರಡನೇ ಎಂಜಿನ್ ಶುರುವಾಗುವಾಗ ಕಾಲಡಿಯಲ್ಲಿ ಕರ್ರ್, ವವ್ ವವ್ ಎಂಬ ಸದ್ದು. ಅತ್ತೆ ನನ್ನ ಕೈ ಹಿಡಿದರು. "ಎಂತ ಮಾರಾಯ ಅದು? ಕೆಳಗೆ ನಾಯಿ ತುಂಬಿಸಿದ್ದಾರಾ?"

ಈ ವಿಮಾನದಲ್ಲಿ ಹಸಿರು, ಹಳದಿ, ನೀಲಿ ಎಂದು ಮೂರು ಹೈಡ್ರಾಲಿಕ್ ವ್ಯವಸ್ಥೆಗಳಿವೆ, ಅಂದರೆ ಎಣ್ಣೆಯ ಒತ್ತಡದಿಂದ ಚಕ್ರ, ಬ್ರೇಕು ಮುಂತಾದವನ್ನು ಆಡಿಸುವ ಏರ್ಪಾಡು. ಎಡ ಎಂಜಿನ್ನಿನ ಪಂಪು ಹಸಿರಿಗೆ, ಬಲದ್ದು ಹಳದಿಗೆ ಒತ್ತಡ ಕೊಡುತ್ತದೆ. ಒಂದರಲ್ಲಿ ಒತ್ತಡ ತಗ್ಗಿದರೆ ಇನ್ನೊಂದರ ಬಲದಿಂದ ಅದನ್ನು ಏರಿಸಲು ಮಧ್ಯೆ ಒಂದು ಯಂತ್ರವಿದೆ. ಎಣ್ಣೆ ಮಾತ್ರ ಅತ್ತಿತ್ತ ಹೋಗುವುದಿಲ್ಲ. ಆ ಯಂತ್ರ ಓಡಿ, ನಿಂತು, ಮತ್ತೆ ಓಡುವಾಗಿನ ಸದ್ದೇ ಈ ಬೊಗಳಾಟ. ಇಷ್ಟನ್ನೂ ಹೇಳಿದೆ. ಅತ್ತೆಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಎ320ರ ಬಾಗಿಲುಗಳನ್ನು ನಮ್ಮ ಎಚ್‌ಎಎಲ್ ಕೂಡ ಮಾಡಿಕೊಟ್ಟಿದೆ ಎಂದಾಗ ಮಾತ್ರ ಮುಖ ಸ್ವಲ್ಪ ಸಡಿಲವಾಯಿತು. "ಹಾಗಾದ್ರೆ ಬಾಗಿಲು ಗಟ್ಟಿ ಉಂಟು."

ಕೆಳಗೆ ತೋಟ, ಹಂಚಿನ ಮಾಡುಗಳು ಕಾಣತೊಡಗಿದಾಗ ಅತ್ತೆ ಕಟೀಲಮ್ಮನನ್ನು ನೆನೆಯಲು ಶುರು ಮಾಡಿದರು. ತಪ್ಪೇನಿಲ್ಲ. 2010ರ ಮೇ 22ರಂದು ಇದೇ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದ ಬೋಯಿಂಗ್ 737ರಲ್ಲಿ 158 ಜನ ತೀರಿಹೋದದ್ದನ್ನು ನಮ್ಮ ಕಡೆ ಯಾರೂ ಮರೆತಿಲ್ಲ. ಗುಡ್ಡದ ನೆತ್ತಿ ಸಪಾಟು ಮಾಡಿ ಕಟ್ಟಿದ ರನ್‌ವೇ ಅದು. ಮೇಲಿಂದ ಮಳೆ ಬೇರೆ.

ಚಕ್ರಗಳು ಧಡ್ ಎಂದು ನೆಲಕ್ಕೆ ಕುಳಿತವು. ಹಿಂದಿನ ಸೀಟಿನವರು ಪೈಲಟ್‌ಗೆ ಬೈದರು. ನನಗೆ ಆ ಧಡ್ಡೇ ಇಷ್ಟ: ಒದ್ದೆ ರನ್‌ವೇಯಲ್ಲಿ ನಯವಾಗಿ ತೇಲಿಸುತ್ತಾ ಹೋದರೆ ಮುಂದೆ ಉಳಿಯುವ ಉದ್ದ ಕಡಿಮೆ, ಚಕ್ರ ನೀರಿನ ಮೇಲೆ ಜಾರುವ ಭಯವೂ ಹೆಚ್ಚು. ಮರುಕ್ಷಣ ರೆಕ್ಕೆಯ ಮೇಲಿನ ಐದು ಹಲಗೆಗಳು ಒಟ್ಟಿಗೆ ಎದ್ದು ನಿಂತವು. "ಅಯ್ಯೋ, ರೆಕ್ಕೆ ಕಿತ್ತುಹೋಯ್ತು!" ಕಿತ್ತದ್ದಲ್ಲ ಅತ್ತೆ, ರೆಕ್ಕೆ ಮತ್ತೆ ಎತ್ತದ ಹಾಗೆ ಮಾಡಿ ಪೂರ್ತಿ ಭಾರ ಚಕ್ರಕ್ಕೆ ಹಾಕುವುದು, ಆಗಲೇ ಬ್ರೇಕು ಹಿಡಿಯುವುದು ಎಂದೆ.

ಹೊರಗೆ ಕಾಯುತ್ತಿದ್ದ ಭಾವ ಪ್ರಯಾಣ ಹೇಗಾಯ್ತು ಎಂದು ಕೇಳಿದರು. "ವಿಮಾನ ಅಡ್ಡಿಲ್ಲ. ಒಂದು ಚಾಕ್ಕೆ ಎಷ್ಟು ತಗೊಳ್ತಾರೆ ಗೊತ್ತುಂಟಾ?" ಅಂದರು ಅತ್ತೆ.