ತೋಟದ ದಾರಿಗೊಂದು ಜೀಪು: 2025ರ ಮಳೆಗಾಲದ ತಯಾರಿ

ಮೇ 11, ಆದಿತ್ಯವಾರ
ಹಲಗೆ ಕೊನೆಗೂ ಒಳಗೆ ಕೂತಿತು. ನನ್ನದು 2014ರ ಥಾರ್ ಜೀಪು, ಹಿಂದೆ ಎದುರುಬದುರು ಸೀಟು. ಬೆನ್ನಿಗೆ ಪೆಟ್ಟಾದವರನ್ನು ಮಲಗಿಸುವ ಹಲಗೆ ಆರಡಿ ಉದ್ದ. ಎಡಗಡೆಯ ಹಿಂದಿನ ಸೀಟು ಕಳಚಿ, ಮುಂದಿನದರ ಬೆನ್ನು ಪೂರ್ತಿ ಮಡಚಿದಾಗ ತಲೆ ಡ್ರೈವರನ ಪಕ್ಕಕ್ಕೆ, ಕಾಲು ಹಿಂಬಾಗಿಲಿಗೆ ಬರುತ್ತದೆ. ಬಾಡಿಯನ್ನು ಎಲ್ಲಿಯೂ ಕೊಯ್ದಿಲ್ಲ, ಎಲ್ಲವೂ ಕ್ಲ್ಯಾಂಪಿನಲ್ಲೇ ನಿಂತಿದೆ.

ಇದನ್ನೆಲ್ಲ ಶುರುಮಾಡಿದ್ದು ಹೋದ ಆಟಿಯಲ್ಲಿ, ಅಂದರೆ ಜೋರು ಮಳೆಯ ಜುಲೈ-ಆಗಸ್ಟ್ ಹೊತ್ತಿಗೆ. ಅಡಿಕೆಗೆ ಮದ್ದು ಬಿಡುವಾಗ ನಮ್ಮ ಕೆಲಸದ ಅಣ್ಣ ಮರದಿಂದ ಬಿದ್ದರು. ಆಂಬುಲೆನ್ಸ್ ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯಿಂದ ಬಂದು ಗುಡ್ಡೆಯ ಮೇಲಿನ ಮೋರಿಯ ಹತ್ತಿರವೇ ನಿಂತಿತು. ಅಲ್ಲಿಗೆ ಒಂದೂವರೆ ಕಿಲೋಮೀಟರ್ ಏರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತೆವು. ಬೆನ್ನು ಅಲುಗಬಾರದೆಂದು ಯಾರಿಗೂ ಹೊಳೆಯಲಿಲ್ಲ. ಅವರ ಎಡಗಾಲಿಗೆ ಇನ್ನೂ ಶಕ್ತಿ ಬಂದಿಲ್ಲ. ಕುರ್ಚಿಯಿಂದಲೇ ಹಾಗಾಯಿತೆಂದು ಡಾಕ್ಟರು ಹೇಳಲಿಲ್ಲ. ಆದರೆ ಆ ಕುರ್ಚಿಯ ಒಂದು ಕೈ ಹಿಡಿದವನು ನಾನು.

ಮೇ 25
ಜೂನ್ 1ಕ್ಕೆ ಬರಬೇಕಾದ ಮುಂಗಾರು ನಿನ್ನೆಯೇ ಕೇರಳಕ್ಕೆ ಬಂತು. ತೋಡಿನಲ್ಲಿ, ಅಂದರೆ ಹಳ್ಳದಲ್ಲಿ, ಆಗಲೇ ಕೆಂಪು ನೀರು. ಬ್ರೀದರ್, ಅಂದರೆ ಆಕ್ಸಲ್ ಉಸಿರಾಡುವ ತೂತಿನ ಕೆಲಸ ಇವತ್ತೇ ಮುಗಿಸಿದೆ. ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಉಸಿರಾಡುವ ತೂತಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಆಮೇಲೆ ಆಕ್ಸಲ್ ನಡುವಿನ ಹಲ್ಲುಚಕ್ರಗಳ (ಡಿಫರೆನ್ಷಿಯಲ್) ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಆ ತೂತಿಗೆ ಪೈಪ್ ಹಾಕಿ ಬಾನೆಟಿನ ಮೇಲ್ಮಟ್ಟಕ್ಕೆ ಒಯ್ದರೆ ಸಾಕು, ಖರ್ಚೂ ಕಡಿಮೆ.

ಸ್ನಾರ್ಕೆಲ್, ಅಂದರೆ ಎಂಜಿನ್ ಮೇಲಿನಿಂದ ಗಾಳಿ ಎಳೆಯುವ ಎತ್ತರದ ಕೊಳವೆ, ಹಾಕಿಸುವುದಿಲ್ಲ. ನಮ್ಮ ತೋಡಿನಲ್ಲಿ ಬಾನೆಟ್ ಮುಳುಗುವಷ್ಟು ನೀರಿದ್ದರೆ ಅದು ಜೀಪನ್ನೇ ಹೊತ್ತೊಯ್ಯುತ್ತದೆ. ಅಲ್ಲಿ ದಾಟಬಾರದು, ಅಷ್ಟೇ.

ಜೂನ್ 8
ವಿಂಚ್ ದಿನ. ಸಿಕ್ಕಿಬಿದ್ದ ಜೀಪನ್ನು ಹಗ್ಗ ಸುತ್ತಿಕೊಳ್ಳುತ್ತ ಎಳೆಯುವ ಮೋಟಾರು ಇದು. 9,500 ಪೌಂಡಿನದು, ಅಂದರೆ ಸುಮಾರು 4,300 ಕಿಲೋ. ಆ ಶಕ್ತಿ ಸಿಗುವುದು ಡ್ರಮ್ಮಿನಲ್ಲಿ ಒಂದೇ ಪದರ ಹಗ್ಗ ಉಳಿದಾಗ. ಪದರ ಹೆಚ್ಚಿದಂತೆ ಎಳೆತ ಕಡಿಮೆ. ಪೂರ್ತಿ ಭಾರಕ್ಕೆ 400 ಆಂಪಿಯರ್ ಹತ್ತಿರ ಕರೆಂಟು ನುಂಗುವುದರಿಂದ ಎಂಜಿನ್ ಓಡುತ್ತಿರಬೇಕು, ನಡುನಡುವೆ ವಿಂಚಿಗೆ ವಿಶ್ರಾಂತಿಯೂ ಬೇಕು. ಉಕ್ಕಿನ ಹಗ್ಗ ತುಂಡಾದರೆ ಚಾಟಿಯಂತೆ ಬೀಸುತ್ತದೆ, ಹಾಗಾಗಿ ಸಿಂಥೆಟಿಕ್ ಹಗ್ಗ ಹಾಕಿಸಿದೆ. ಆದರೂ ಎಳೆಯುವಾಗ ಅದರ ಮೇಲೊಂದು ಒದ್ದೆ ಗೋಣಿ ಹೊದಿಸುವುದನ್ನು ಬಿಡುವುದಿಲ್ಲ.

ಇದೆಲ್ಲ ಸರಿ, ಹಗ್ಗದ ಇನ್ನೊಂದು ತುದಿಯನ್ನು ಯಾವುದಕ್ಕೆ ಕಟ್ಟುವುದು? ಇಳಿಜಾರಿನಲ್ಲಿ ಕೈಗೆ ಸಿಗುವುದು ಅಡಿಕೆ ಮರ. ಅದಕ್ಕೆ ತಾಯಿಬೇರು ಇಲ್ಲ, ಮೇಲ್ಮಣ್ಣಿನಲ್ಲಿ ಹರಡಿದ ಬೇರು ಮಾತ್ರ. ಪರೀಕ್ಷೆಗೆ ಕಟ್ಟಿ ಎಳೆದೆ. ಜೀಪು ಒಂದಡಿ ಮುಂದೆ ಬರುವಷ್ಟರಲ್ಲಿ ಮರ ಬುಡಸಮೇತ ವಾಲಿತು. ಅಪ್ಪ ನೆಟ್ಟ ಮರ ಅದು. ರಬ್ಬರ್ ಮರ ಗಾಳಿಗೇ ಮುರಿಯುತ್ತದೆ, ಅದನ್ನು ನಂಬಲಾಗದು. ಗುಡ್ಡೆಯ ನೆತ್ತಿಯಲ್ಲಂತೂ ಬರೀ ಮುರಕಲ್ಲು, ಅಂದರೆ ಕೆಂಪುಕಲ್ಲು. ಕೊನೆಗೆ ದಾರಿಯುದ್ದಕ್ಕೂ ನಡೆದು, ದಪ್ಪ ಬುಡದ ಹಲಸು, ಮಾವು ಎಲ್ಲೆಲ್ಲಿ ಇವೆಯೆಂದು ನೋಡಿ ಸುಣ್ಣದ ಗುರುತು ಹಾಕಿದೆ. ಒಟ್ಟು ಏಳು ಸಿಕ್ಕಿದವು. ತೊಗಟೆಗೆ ಗಾಯವಾಗದಂತೆ ಅಗಲ ಪಟ್ಟಿ ಸುತ್ತಿಯೇ ಕಟ್ಟುವುದು. ಮರ ನೇರ ಎದುರಿಗಿಲ್ಲದಿದ್ದರೆ ಸ್ನ್ಯಾಚ್ ಬ್ಲಾಕ್ ಇದೆ, ಬಾವಿಯ ರಾಟೆಯದೇ ಜಾತಿ. ಹಗ್ಗವನ್ನು ಅದರಲ್ಲಿ ಹಾಯಿಸಿ ಜೀಪಿಗೇ ತಂದು ಕಟ್ಟಿದರೆ ಎಳೆತ ಸುಮಾರು ಇಮ್ಮಡಿ, ವೇಗ ಅರ್ಧ.

ಜೂನ್ 22
ಭಾವನ ಮಗನನ್ನು ಹಲಗೆಗೆ ಕಟ್ಟಿ ತೋಟದಿಂದ ಮೋರಿಯವರೆಗೆ ಹೋದೆವು. ಲೋ ಗಿಯರಿನಲ್ಲಿ 14 ನಿಮಿಷ. ಪ್ರತಿ ಕಲ್ಲಿಗೂ ತಲೆ ಕುಲುಕುತ್ತದೆ ಎಂದ. ಟೈರಿನ ಗಾಳಿಯ ಒತ್ತಡವನ್ನು 30 ಪಿಎಸ್ಐಯಿಂದ 18ಕ್ಕೆ ಇಳಿಸಿ ಇನ್ನೊಮ್ಮೆ ಹೋದಾಗ ತುಂಬ ವಾಸಿ.

ಅಣ್ಣ ಊರುಗೋಲು ಹಿಡಿದು ನೋಡಲು ಬಂದಿದ್ದರು. ಹಲಗೆಯ ಮೇಲೆ ಕೈಯಾಡಿಸಿ, "ಏರಿನಲ್ಲಿ ಮೈ ಹಿಂದಕ್ಕೆ ಜಾರುತ್ತದೆ ಮಾರಾಯ, ಅಂಗಾಲಿಗೆ ತಡೆ ಏನಾದರೂ ಬೇಕು" ಎಂದರು. ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ. ನಾಳೆ ಬದಿಯಡ್ಕ ಪೇಟೆಗೆ ಹೋಗಿ ಅಡ್ಡಪಟ್ಟಿ ಮಾಡಿಸಬೇಕು.